ಮೊದಲು ಕೇಳಿಸಿಕೊಂಡವರ ಕೆಲಸ

ಹೊಡೆತ ತಿಂದ ಹೆಣ್ಣುಮಗಳು ನೇರವಾಗಿ ಠಾಣೆ ಮೆಟ್ಟಿಲು ಹತ್ತುವುದು ಅಪರೂಪ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರ ಪೈಕಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಕಂಡಿದ್ದೇವೆ ಎಂದಿದ್ದರು. ಅದೇ ಸಮೀಕ್ಷೆ ಹೇಳುವಂತೆ, ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಭಾರತದ ಮಹಿಳೆಯರಲ್ಲಿ ಯಾರದಾದರೂ ನೆರವು ಕೇಳಿದವರು ಶೇ 14 ಮಾತ್ರ. ಅವರೂ ಹೆಚ್ಚಾಗಿ ಕೇಳಿದ್ದು ತವರಿನವರಂಥ ಹತ್ತಿರದವರನ್ನು. ಹಾಗಾಗಿ ಈ ಲೇಖನ ಮುಖ್ಯವಾಗಿ ಆ ಮಾತು ಮೊದಲು ಕಿವಿಗೆ ಬೀಳುವವರಿಗಾಗಿ: ಸಂಡೂರಿನ ಆಶಾ ಕಾರ್ಯಕರ್ತೆ, ಕಂಪ್ಲಿಯ ಗದ್ದೆಯಲ್ಲಿ ಜೊತೆಗೆ ನಾಟಿ ಮಾಡುವ ಗೆಳತಿ, ಕಮಲಾಪುರದ ಅಂಗನವಾಡಿ ಟೀಚರ್, ಹಂಪಿಯ ಹೋಂಸ್ಟೇ ಮಾಲೀಕರು.

ಈ ಸೀಮೆಗೆ ಒಂದು ವಿಶೇಷ ತೊಡಕಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ, ಹಂಪಿ ಹೊಸ ಜಿಲ್ಲೆಗೆ ಬಂದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಂಪ್ಲಿ ಮೊದಲು ಹೊಸಪೇಟೆ ತಾಲ್ಲೂಕಿಗೇ ಸೇರಿತ್ತು. ಇಂದಿಗೂ ಎರಡೂ ಊರಿನವರಿಗೆ ಸುಮಾರು 30 ಕಿ.ಮೀ. ದೂರದ ಹೊಸಪೇಟೆಯೇ ಹತ್ತಿರ, ಕಡತಕ್ಕೆ ಮಾತ್ರ ಬಳ್ಳಾರಿ. ಹಂಪಿಯಿಂದ ಹೊಳೆ ದಾಟಿದರೆ ಆನೆಗೊಂದಿ, ಸಾಣಾಪುರ. ಅವು ಕೊಪ್ಪಳ ಜಿಲ್ಲೆ. ಕಂಪ್ಲಿಯ ಸೊಸೆಗೆ ಗಂಗಾವತಿ ತವರಾದರೆ ಗಂಡನ ಮನೆ ಒಂದು ಜಿಲ್ಲೆ, ಹೆತ್ತವರ ಮನೆ ಇನ್ನೊಂದು. ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದು ಮಾತಿಗೆ ಎಷ್ಟೋ ಹೆಣ್ಣುಮಕ್ಕಳು ತಿರುಗಿ ಅದೇ ಮನೆಗೆ ಹೋಗುತ್ತಾರೆ.

ಆ ಮಾತಿಗೆ ಕಾನೂನಿನ ಬೆಂಬಲವಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಗಂಭೀರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆ ಠಾಣೆ ‘ಝೀರೋ ಎಫ್‌ಐಆರ್’ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಪ್ರತಿಯನ್ನು ದೂರು ಕೊಟ್ಟವಳಿಗೆ ಉಚಿತವಾಗಿ ಕೊಡಬೇಕು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇನ್ನೂ ಉದಾರವಾಗಿದೆ: ಅವಳು ತಾತ್ಕಾಲಿಕವಾಗಿ ತಂಗಿರುವ ಊರಿನ ನ್ಯಾಯಾಲಯಕ್ಕೂ ಅರ್ಜಿ ಹಾಕಬಹುದು. ಸಂಡೂರಿನಿಂದ ಓಡಿ ಬಂದು ಹೊಸಪೇಟೆಯ ಅಕ್ಕನ ಮನೆಯಲ್ಲಿ ಇದ್ದರೆ ಹೊಸಪೇಟೆಯಲ್ಲೇ ಶುರು ಮಾಡಬಹುದು.

ಈಗ ಅವಳು ನಿಮ್ಮೆದುರು ಕೂತಿದ್ದಾಳೆ ಎನ್ನೋಣ. ಮೊದಲು ಪೂರ್ತಿ ಕೇಳಿ. ‘ನೀನೇನು ಅಂದೆ, ಅವನ್ಯಾಕೆ ಹೊಡೆದ’ ಎಂದು ಕೇಳಬೇಡಿ. ಈ ರಾತ್ರಿ ಆ ಮನೆಗೆ ಹೋದರೆ ಜೀವಕ್ಕೆ ಅಪಾಯವಿದೆಯೇ, ಮಕ್ಕಳು ಎಲ್ಲಿದ್ದಾರೆ, ಗಾಯವಾಗಿದೆಯೇ: ಕೂಡಲೇ ತಿಳಿಯಬೇಕಾದದ್ದು ಇಷ್ಟೇ. ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ಇಲ್ಲದಿದ್ದರೆ ಅವಳು ಒಪ್ಪಿದ ಮೇಲೆ 181. ಈ ಮಹಿಳಾ ಸಹಾಯವಾಣಿ ಹತ್ತಿರದ ಸಖಿ ಕೇಂದ್ರಕ್ಕೆ ಜೋಡಿಸುತ್ತದೆ. ಕರೆಯನ್ನು ಅವಳ ಫೋನಿನಿಂದ ಮಾಡದೆ ನಿಮ್ಮ ಫೋನಿನಿಂದ ಮಾಡುವುದು ಒಳ್ಳೆಯದು. ಎಷ್ಟೋ ಮನೆಗಳಲ್ಲಿ ಗಂಡ ಕರೆಗಳ ಪಟ್ಟಿ ನೋಡುತ್ತಾನೆ. ತಾಂಡಾದ ಹೆಣ್ಣುಮಗಳು ಲಂಬಾಣಿಯಲ್ಲೋ, ಇನ್ನೊಬ್ಬಳು ತೆಲುಗು ಅಥವಾ ಉರ್ದುವಿನಲ್ಲೋ ಹೇಳಿಕೊಂಡರೆ ಅದನ್ನು ಕನ್ನಡಕ್ಕೆ ತಿಳಿಸುವವರು ಗಂಡನ ಕಡೆಯವರು ಆಗಿರಬಾರದು.

ಹೇಳುತ್ತಿರುವವಳು 18 ವರ್ಷದೊಳಗಿನ ಹುಡುಗಿಯಾಗಿದ್ದು ಲೈಂಗಿಕ ದೌರ್ಜನ್ಯದ ವಿಷಯವಾದರೆ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಪೋಕ್ಸೊ ಕಾಯ್ದೆಯಡಿ ತಿಳಿದವರೆಲ್ಲರೂ ವರದಿ ಮಾಡಲೇಬೇಕು. ಅದನ್ನು ಅವಳಿಗೆ ಮೊದಲೇ ಮೃದುವಾಗಿ ತಿಳಿಸಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಅತ್ಯಾಚಾರ ನಡೆದಿದ್ದರೆ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು. ಗರ್ಭ ತಡೆಯುವ ಮಾತ್ರೆಯೂ ಬೇಗ ತೆಗೆದುಕೊಂಡಷ್ಟೂ ಫಲ ಹೆಚ್ಚು. ಸಾಧ್ಯವಾದರೆ ಸ್ನಾನಕ್ಕೆ ಮೊದಲೇ ಹೋಗಲಿ, ಧರಿಸಿದ್ದ ಬಟ್ಟೆಯನ್ನು ಒಗೆಯದೆ ಕಾಗದದಲ್ಲಿ ಸುತ್ತಿ ಒಯ್ಯಲಿ. ಸ್ನಾನ ಆಗಿಹೋಗಿದ್ದರೂ ಚಿಂತೆಯಿಲ್ಲ, ಹೋಗಲೇಬೇಕು. ಸರ್ಕಾರಿ ಇರಲಿ, ಖಾಸಗಿ ಇರಲಿ, ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು. ಕೊಡದಿದ್ದರೆ ಅದೇ ಅಪರಾಧ. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕರ್ತವ್ಯ, ಆದರೆ ತಪಾಸಣೆಗೆ ಒಪ್ಪುವುದು ಬಿಡುವುದು ಅವಳ ಇಷ್ಟ. ಎರಡು ಬೆರಳಿನ ಪರೀಕ್ಷೆ ಕೂಡದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೊಮ್ಮೆ ಕಟ್ಟುನಿಟ್ಟಾಗಿ ಹೇಳಿದೆ. ಠಾಣೆಯಲ್ಲಿ ಅವಳ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು.

ದಿನನಿತ್ಯದ ಪ್ರಕರಣಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಬಾಗಿಲು ಬೇರೆಯೇ ಇದೆ. ಅದರ ಬಗ್ಗೆ ಗೊತ್ತಿರುವವರು ಕಡಿಮೆ. ಅದು ಸಿಡಿಪಿಒ ಆಫೀಸು. ಅಂಗನವಾಡಿಗಳನ್ನು ನೋಡಿಕೊಳ್ಳುವ ಈ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕರ್ನಾಟಕದಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ತಾಲ್ಲೂಕು ಮಟ್ಟದ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರಿಗೆ ಹೇಳಿದರೆ ವಿಷಯ ಈ ಆಫೀಸಿಗೆ ಒಂದೇ ಹೆಜ್ಜೆ. ನೊಂದವಳೇ ಹೋಗಬೇಕೆಂದೂ ಇಲ್ಲ. ಹಿಂಸೆ ನಡೆಯುತ್ತಿದೆ ಎಂದು ಅನಿಸಿದ ಯಾರೇ ಆದರೂ ತಿಳಿಸಬಹುದು. ಪ್ರಾಮಾಣಿಕವಾಗಿ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲವೆಂದು ಕಾಯ್ದೆಯ 4ನೇ ಕಲಂ ಸ್ಪಷ್ಟಪಡಿಸಿದೆ. ‘ನಮಗ್ಯಾಕೆ ಊರ ಉಸಾಬರಿ’ ಎಂದು ಹಿಂಜರಿಯುವ ನೆರೆಯವರು ಇದನ್ನು ತಿಳಿದಿರಬೇಕು.

ಅಲ್ಲಿ ಅಧಿಕಾರಿ ಕೌಟುಂಬಿಕ ಘಟನಾ ವರದಿ ಬರೆಯುತ್ತಾರೆ. ಆಫೀಸಿನವರ ಬಾಯಲ್ಲಿ ಇದು ‘ಡಿಐಆರ್’. ಯಾವಾಗ, ಎಲ್ಲಿ, ಏನಾಯಿತು, ಮಕ್ಕಳೆಷ್ಟು, ಅವಳಿಗೇನು ಬೇಕು: ಇವೆಲ್ಲ ಅದರಲ್ಲಿರುತ್ತವೆ. ಆಸ್ಪತ್ರೆ ಚೀಟಿ, ಗಾಯದ ಫೋಟೊ, ತವರಿನಿಂದ ತಂದ ಒಡವೆ ಪಾತ್ರೆಗಳ ಪಟ್ಟಿ ಇದ್ದರೆ ಜೊತೆಗಿಡಬಹುದು. ಇಲ್ಲವೆಂದು ವರದಿ ನಿಲ್ಲುವುದಿಲ್ಲ. ಹೊಡೆತವಷ್ಟೇ ಹಿಂಸೆಯೂ ಅಲ್ಲ. ಬೈಗುಳ, ಬಲವಂತದ ಸಂಭೋಗ, ದುಡಿದ ಕೂಲಿಯನ್ನು ಕಿತ್ತುಕೊಳ್ಳುವುದು, ಮನೆ ಖರ್ಚಿಗೆ ಕೊಡದಿರುವುದು ಎಲ್ಲವೂ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತವೆ. ಗೃಹಲಕ್ಷ್ಮಿಯ 2,000 ರೂಪಾಯಿ ಕೈಸೇರಿದ ದಿನವೇ ಕುಡಿತಕ್ಕೆ ಕಸಿದುಕೊಂಡರೆ ಅದನ್ನೂ ಬರೆಸಬೇಕು. ವರದಿ ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ, ಪ್ರತಿ ಠಾಣೆಗೂ ಹೋಗುತ್ತದೆ. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ, ಅದಾದ 60 ದಿನದೊಳಗೆ ತೀರ್ಮಾನ ಎಂಬುದು ಕಾಯ್ದೆಯ ಆಶಯ. ವಾಸ್ತವದಲ್ಲಿ ತಡವಾಗುತ್ತದೆ, ಅದಕ್ಕೇ ಅರ್ಜಿಯಲ್ಲಿ ಮಧ್ಯಂತರ ಆದೇಶವನ್ನು ಮರೆಯದೆ ಕೇಳಬೇಕು.

ಈ ದಾರಿಯ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ‘ಅವನು ಜೈಲಿಗೆ ಹೋಗೋದು ಬೇಡ, ಹೊಡೆಯೋದು ನಿಂತರೆ ಸಾಕು’ ಎನ್ನುವವರೇ ಬಹಳ. ಅಂಥವರಿಗೆ ಕ್ರಿಮಿನಲ್ ದೂರಿಗಿಂತ ಇದು ಹೊಂದುತ್ತದೆ: ಅವನು ಹತ್ತಿರ ಬರದಂತೆ ತಡೆಯಾಜ್ಞೆ, ಅದೇ ಮನೆಯಲ್ಲಿ ಇರುವ ಹಕ್ಕು, ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ. ಮನೆ ಅತ್ತೆಯ ಹೆಸರಿನಲ್ಲಿದ್ದರೂ ಸೊಸೆಯನ್ನು ಸುಮ್ಮನೆ ಹೊರಗೆ ಹಾಕುವಂತಿಲ್ಲ. ಊರ ಹಿರಿಯರನ್ನು ಕೂಡಿಸಿ ರಾಜಿ ಮಾಡಿಸುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿದೆ. ನನ್ನ ಅಭಿಪ್ರಾಯ ನೇರವಾಗಿದೆ: ವರದಿ ದಾಖಲಾಗುವ ಮೊದಲು ಪಂಚಾಯಿತಿಗೆ ಕೂರಿಸಬೇಡಿ. ಅತ್ಯಾಚಾರದಲ್ಲಂತೂ ರಾಜಿಯ ಪ್ರಶ್ನೆಯೇ ಏಳುವುದಿಲ್ಲ.

ಆ ರಾತ್ರಿ ಉಳಿಯಲು ಜಾಗವಿಲ್ಲದಿದ್ದರೆ ಸಖಿ ಕೇಂದ್ರ. 2015ರಲ್ಲಿ ಶುರುವಾದ ಈ ಯೋಜನೆಯಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ಆಪ್ತ ಸಮಾಲೋಚನೆ, ಕಾನೂನು ಸಲಹೆ ಒಂದೇ ಕಡೆ ಸಿಗಬೇಕು; ಐದು ದಿನದವರೆಗೆ ತಂಗಬಹುದು. ಅದಕ್ಕೂ ಹೆಚ್ಚು ಕಾಲ ಬೇಕಾದರೆ ಅವರೇ ಶಕ್ತಿ ಸದನಕ್ಕೆ ಕಳಿಸುತ್ತಾರೆ. ದೇವದಾಸಿ ಕುಟುಂಬಗಳ ಹೆಣ್ಣುಮಕ್ಕಳೊಡನೆ ಕೆಲಸ ಮಾಡುವ ಹೊಸಪೇಟೆಯ ಸಖಿ ಟ್ರಸ್ಟ್ ಬೇರೆ, ಅದು ಸ್ವಯಂಸೇವಾ ಸಂಸ್ಥೆ. ಪ್ರಯಾಣಕ್ಕೆ 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ಬಸ್ ಚಾರ್ಜಿಗೆ ಗಂಡನ ಮುಂದೆ ಕೈಚಾಚಬೇಕಿಲ್ಲ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್‌ಗಳ ಜೆರಾಕ್ಸ್ ನಿಮ್ಮ ಮನೆಯಲ್ಲಿ ಇಟ್ಟುಕೊಟ್ಟರೆ ಅದೇ ದೊಡ್ಡ ಸಹಾಯ.

ವಕೀಲರ ಫೀಜಿನ ಭಯವೂ ಬೇಡ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಆವರಣದಲ್ಲಿರುತ್ತದೆ, ಫೋನ್ 15100. ಅತ್ಯಾಚಾರಕ್ಕೆ, ಆ್ಯಸಿಡ್ ದಾಳಿಗೆ ಒಳಗಾದವರು ಪರಿಹಾರಕ್ಕೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೇ ಅರ್ಜಿ ಕೊಡಬೇಕು. ಮಧ್ಯಂತರ ಪರಿಹಾರಕ್ಕೆ ಕೇಸು ಮುಗಿಯುವತನಕ ಕಾಯಬೇಕಿಲ್ಲ.

ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಿದೆ. ತೋರಣಗಲ್ಲಿನ ಕಾರ್ಖಾನೆಯಂಥ ಕಡೆ ಆಂತರಿಕ ಸಮಿತಿ ಇರಲೇಬೇಕು. ಹಂಪಿಯ ಸಣ್ಣ ಗೆಸ್ಟ್‌ಹೌಸಿನಲ್ಲಿ ರೂಮು ಗುಡಿಸುವವಳು, ಮನೆಗೆಲಸದವಳು ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಪ್ರವಾಸಿಗರ ತಂಡದ ಮೇಲೆ ನಡೆದ ಘೋರ ಕೃತ್ಯದ ನಂತರವಾದರೂ ಪ್ರತಿ ಹೋಂಸ್ಟೇ ಗೋಡೆಯ ಮೇಲೆ 112, 181 ಸಂಖ್ಯೆಗಳು ದೊಡ್ಡದಾಗಿ ಕಾಣಬೇಕು.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವಳ ಹೆಸರನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಅಪರಾಧ. ‘ನ್ಯಾಯ ಸಿಗಲಿ’ ಎಂಬ ಸದುದ್ದೇಶದಿಂದ ಹಾಕಿದರೂ ಅಷ್ಟೇ. ಕಚೇರಿಗೆ ಜೊತೆಗೆ ಹೋದಾಗ ಕಥೆಯನ್ನು ಎಲ್ಲರೆದುರು ಮತ್ತೆ ಮತ್ತೆ ಹೇಳಿಸಬೇಡಿ. ಒಂದು ಹಾಳೆಯಲ್ಲಿ ಅವಳ ಮಾತಿನಲ್ಲೇ ಬರೆದು ಒಯ್ದರೆ ಅಷ್ಟರಮಟ್ಟಿಗೆ ಭಾರ ಕಡಿಮೆ.

ಆದೇಶ ಬಂದ ಮೇಲೆ ನಿಮ್ಮ ಕೆಲಸ ಇನ್ನೊಂದು ಉಳಿದಿರುತ್ತದೆ. ಅದರ ಪ್ರತಿಯನ್ನು ನ್ಯಾಯಾಲಯ ಉಚಿತವಾಗಿ ಕೊಡುತ್ತದೆ. ಒಂದನ್ನು ಅವಳ ಬಳಿ, ಇನ್ನೊಂದನ್ನು ನಿಮ್ಮ ಬಳಿ ಇಡಿ. ಅವನು ಮತ್ತೆ ಬಂದು ಬಾಗಿಲು ಬಡಿದರೆ ಅದು ಬರೀ ಮನೆಜಗಳವಲ್ಲ: ರಕ್ಷಣಾ ಆದೇಶ ಮುರಿದವನಿಗೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. 112ಕ್ಕೆ ಕರೆ ಮಾಡಿ, ಆದೇಶದ ದಿನಾಂಕ ಹೇಳಿ, ಬಂದ ಪೊಲೀಸರ ಕೈಗೆ ಆ ಪ್ರತಿ ಕೊಡಿ.