ಬಾಂಡ್ ಆಗಲು ಕೂದಲ ಬಣ್ಣ ಸಾಕೇ?

ಡೇನಿಯಲ್ ಕ್ರೇಗ್ ಹೊಸ ಜೇಮ್ಸ್ ಬಾಂಡ್ ಎಂದು 2005ರಲ್ಲಿ ಘೋಷಣೆಯಾದಾಗ ಅಭಿಮಾನಿಗಳು ಸಿಡಿದೆದ್ದರು. ಕೂದಲು ಹೊಂಬಣ್ಣ, ಎತ್ತರ ಸಾಲದು, ಸಿನಿಮಾ ಬಹಿಷ್ಕರಿಸಿ ಎಂಬ ಕೂಗೂ ಎದ್ದಿತು. ಮರುವರ್ಷ 'ಕ್ಯಾಸಿನೊ ರಾಯಲ್' ಬಂತು. ಪೆಟ್ಟು ತಿಂದರೆ ನೋಯುವ, ಪ್ರೀತಿಸಿ ಮೋಸಹೋಗುವ ಬಾಂಡ್‌ನನ್ನು ಕಂಡು ಟೀಕಿಸಿದ ಅನೇಕರೇ ಮೆಚ್ಚಿದರು. 2021ರವರೆಗೆ ಐದು ಚಿತ್ರಗಳಲ್ಲಿ ಅವರೇ ಬಾಂಡ್. 1962ರಲ್ಲಿ ಬಾಂಡ್ ಆದ ಶಾನ್ ಕಾನರಿ ಕೂಡ ಕಾದಂಬರಿಕಾರ ಇಯಾನ್ ಫ್ಲೆಮಿಂಗ್‌ಗೆ ಮೊದಲು ಹಿಡಿಸಿರಲಿಲ್ಲ. ಸೂಟು ಯಾರಿಗಾದರೂ ಹೊಲಿಸಬಹುದು. ಅಪಾಯದಲ್ಲೂ ತಣ್ಣಗಿರುವ ಕಣ್ಣು, ಒಳಗಿನ ಗಾಯವನ್ನು ಮಾತಿಲ್ಲದೆ ತೋರಿಸುವ ಮುಖ ನಟನೇ ತರಬೇಕು.

ಬಿಇ ಓದುತ್ತಿರುವ ನನ್ನನ್ನು ಕ್ಯಾಂಪಸ್ ಸಂದರ್ಶನವೊಂದರಲ್ಲಿ ಇಂಗ್ಲಿಷ್ ಉಚ್ಚಾರಣೆ ಕೇಳಿಯೇ ಕೈಬಿಟ್ಟರು. ಪ್ರಾಜೆಕ್ಟ್ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮುಂದಿನ ತಿಂಗಳು ಇನ್ನೊಂದು ಕಂಪನಿ ಬರುತ್ತಿದೆ. ಉಚ್ಚಾರಣೆ ಅದೇ ಇರುತ್ತದೆ, ತಯಾರಿ ಮಾತ್ರ ಹೆಚ್ಚಿರುತ್ತದೆ.