ಹೊರ ರಾಜ್ಯದ ಕಂಪನಿಗೆ ಪರ್ಮಿಷನ್ ಕೊಟ್ಟವರು ಯಾರು?

ವೀಕ್ಷಕರೇ, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆ ಹೋದಾಗೆಲ್ಲ ರೈತರು ನನ್ನನ್ನ ಕೇಳೋದು ಒಂದೇ: “ಗಾಳಿಯಂತ್ರಕ್ಕೆ ನಮ್ಮ ಹೊಲ ಕೇಳಾಕತ್ತಿರೋ ಕಂಪನಿ ಮುಂಬೈದಂತ. ಅದಕ್ಕೆ ನಮ್ಮ ಸರ್ಕಾರದ ಪರ್ಮಿಷನ್ ಐತೇನ್ರಿ?”

ಅಮೆರಿಕದಲ್ಲಾದರೆ ಒಂದು ರಾಜ್ಯದ ಎಲ್‌ಎಲ್‌ಸಿ ಇನ್ನೊಂದು ರಾಜ್ಯದಲ್ಲಿ ವ್ಯವಹಾರಕ್ಕಿಳಿಯಲು ಅಲ್ಲಿ ಅಧಿಕಾರ ಪತ್ರ ಪಡೆಯಬೇಕು. ನಮ್ಮಲ್ಲಿ ಹಾಗಿಲ್ಲ. 2008ರ ಎಲ್‌ಎಲ್‌ಪಿ ಕಾಯ್ದೆ ಕೇಂದ್ರದ್ದು. ಮುಂಬೈನಲ್ಲಿ ನೋಂದಣಿಯಾದ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆ ಕೊಟ್ಟೂರಿಗೂ ಬರಬಹುದು, ಹಗರಿಬೊಮ್ಮನಹಳ್ಳಿಗೂ ಬರಬಹುದು. ಅದಕ್ಕಾಗಿ ಇಲ್ಲಿ ಮತ್ತೆ ನೋಂದಣಿ ಆಗಬೇಕಿಲ್ಲ. ಭೂಮಿ, ತೆರಿಗೆ, ವಿದ್ಯುತ್ತಿನ ಅನುಮತಿಗಳು ಬೇರೆ ಮಾತು.

ಹಾಗಾದ್ರೆ ಎಚ್ಚರ ಎಲ್ಲಿ ಬೇಕು? ‘ಸೀಮಿತ’ ಅನ್ನೋ ಪದದಲ್ಲಿ. ಸಂಸ್ಥೆ ಮುಳುಗಿದರೆ ನಿಮ್ಮ ಗುತ್ತಿಗೆ ಬಾಕಿಗೆ ಸಂಸ್ಥೆಯ ಆಸ್ತಿಯೇ ಗತಿ. ಪಾಲುದಾರನೇ ಮೋಸ ಮಾಡಿದ್ದು ಸಾಬೀತಾಗದಿದ್ದರೆ ಅವನ ಸ್ವಂತ ಮನೆಗೆ ಕೈ ಹಾಕೋಕಾಗಲ್ಲ. ಅದಕ್ಕೇ ಸಹಿ ಹಾಕೋ ಮೊದಲು ಎಲ್‌ಎಲ್‌ಪಿ ಗುರುತು ಸಂಖ್ಯೆ ಕೇಳಿ. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಆ ಸಂಸ್ಥೆಯ ವಿಳಾಸ, ಅದು ಚಾಲ್ತಿಯಲ್ಲಿದೆಯೋ ಇಲ್ವೋ, ಎಲ್ಲ ಕಾಣುತ್ತೆ. ಓದಿದ ಮಗನೋ ಮಗಳೋ ಮೊಬೈಲಲ್ಲೇ ನೋಡಿ ಹೇಳ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಅದರ ಒಂದು ಪ್ರತಿ ಕೇಳಿ ಇಸ್ಕೊಳ್ಳಿ.