ದೇವರಿಗೆ ನಮ್ಮ ಮಾತು ಬರೋದಿಲ್ಲವೇ?

ಗಡಿಭಾಗದ ರೈತನಿಗೆ ಎರಡು ಭಾಷೆ ಇರೋದು ಎತ್ತಿಗೆ ಎರಡು ಕೊಂಬು ಇದ್ದ ಹಾಗೆ. ಮಡಕಶಿರಾ ಕಡೆಯವರು ಕಚೇರಿಯಲ್ಲಿ ತೆಲುಗು ಮಾತಾಡಿ, ಮನೆಗೆ ಬಂದು ಕನ್ನಡದಲ್ಲಿ ಊಟಕ್ಕೆ ಕರೀತಾರೆ. ಅರ್ಜಿಗೆ ಯಾವ ಭಾಷೆ, ಸಂತೆಯ ಚೌಕಾಸಿಗೆ ಯಾವುದು, ದೇವರ ಮುಂದೆ ಅಳೋಕೆ ಯಾವುದು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದ್ದರಿಂದಲೇ ಗ್ವಾಟೆಮಾಲಾ ದೇಶದ ಒಬ್ಬ ಮಿಷನರಿಯ ಸಂಗತಿ ನಮ್ಮಂಥವರಿಗೆ ಬೇಗ ಅರ್ಥವಾದೀತು.

ಗ್ವಾಟೆಮಾಲಾ ಇರೋದು ಮೆಕ್ಸಿಕೋ ದೇಶದ ದಕ್ಷಿಣಕ್ಕೆ. 1524ರಲ್ಲಿ ಸ್ಪೇನಿನ ದಂಡು ಅಲ್ಲಿಗೆ ನುಗ್ಗಿತು. ಅಂದಿನಿಂದ ಆಳುವವರ ಮಾತು ಸ್ಪ್ಯಾನಿಷ್. ಆದರೆ ಗುಡ್ಡಗಾಡಿನಲ್ಲಿ ಮೆಕ್ಕೆಜೋಳ, ಹುರುಳಿಕಾಯಿ ಬೆಳೆದು ಬದುಕುವ ಮಾಯಾ ಜನರ ಮನೆಮಾತುಗಳು ಬೇರೆ. ಅಂಥವು ಒಂದೆರಡಲ್ಲ, 22.

ಪುಸ್ತಕ ಮಾರಲು ಬಂದವನು

1917ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ವಿಲಿಯಂ ಕ್ಯಾಮರಾನ್ ಟೌನ್‌ಸೆಂಡ್ ಎಂಬ ಯುವಕ ಕಾಲೇಜು ಬಿಟ್ಟು ಅಲ್ಲಿಗೆ ಬಂದ. ಆಗ ವಯಸ್ಸು ಇಪ್ಪತ್ತೊಂದು. ಕೈಯಲ್ಲಿದ್ದದ್ದು ಸ್ಪ್ಯಾನಿಷ್ ಬೈಬಲ್‌ಗಳು. ಊರೂರು ತಿರುಗಿ ಮಾರಬೇಕು, ಅಷ್ಟೇ ಕೆಲಸ. ಜೊತೆಗೆ ನಡೆದವನು ಕಾಕ್ಚಿಕೆಲ್ ಮನೆಮಾತಿನ ಫ್ರಾನ್ಸಿಸ್ಕೋ ದಿಯಾಸ್.

ತಿರುಗುತ್ತಾ ಹೋದಂತೆ ಒಂದು ವಿಷಯ ತಿಳೀತು. ಅಲ್ಲಿನ ರೈತರಲ್ಲಿ ಹೆಚ್ಚಿನವರಿಗೆ ಸ್ಪ್ಯಾನಿಷ್ ಅಂದ್ರೆ ಸಂತೆಯಲ್ಲಿ ನಾಲ್ಕು ಮಾತಿಗೆ ಆಗುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ನಿಮ್ಮ ದೇವರು ಅಷ್ಟು ದೊಡ್ಡವನಾದರೆ ಅವನಿಗೆ ನಮ್ಮ ಮಾತು ಯಾಕೆ ಬರೋದಿಲ್ಲ ಅಂತ ಅಲ್ಲಿಯವನೊಬ್ಬ ಕೇಳಿದನೆಂದು ಟೌನ್‌ಸೆಂಡನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಕೇಳಿದವನು ಓದಿದವನೋ ಅಲ್ಲವೋ, ಪ್ರಶ್ನೆ ಮಾತ್ರ ಪಂಡಿತನದು.

ಆ ಜನರ ಬದುಕೂ ಹಗುರವಲ್ಲ. ಕಾಫಿ ತೋಟದ ಮಾಲೀಕರು ಮುಂಗಡ ಕೊಟ್ಟು, ಸಾಲ ತೀರೋವರೆಗೆ ದುಡಿಸಿಕೊಳ್ತಿದ್ದರು. ನಮ್ಮ ಕಡೆ ಜೀತ ಅಂತೀವಲ್ಲ, ಅದೇ. 1934ರಲ್ಲಿ ಆ ಸಾಲದ ಜೀತವನ್ನು ಕಾನೂನಿನಿಂದ ತೆಗೆದರು. ಅದರ ಜಾಗಕ್ಕೆ ಬಂದ ಇನ್ನೊಂದು ಕಾನೂನು, ಭೂಮಿ ಇಲ್ಲದವರು ವರ್ಷಕ್ಕೆ ಇಂತಿಷ್ಟು ದಿನ ಕೂಲಿಗೆ ಹೋಗಲೇಬೇಕು ಅಂತ ವಿಧಿಸಿತು. ಕರಾರು ಕಾಗದವೆಲ್ಲ ಸ್ಪ್ಯಾನಿಷ್‌ನಲ್ಲಿ. ಓದಲು ಬಾರದವನು ಹೆಬ್ಬೆಟ್ಟು ಒತ್ತಬೇಕು. ಭಾಷೆ ಬಾರದಿದ್ದರೆ ಏನು ನಷ್ಟ ಅನ್ನೋರು ಇದನ್ನು ನೆನೆಯಬೇಕು.

ಕ್ರಿಯಾಪದದ ಕಾಡು

ಟೌನ್‌ಸೆಂಡ್ ಆಂಟಿಗ್ವಾ ಪಟ್ಟಣದ ಹತ್ತಿರದ ಸ್ಯಾನ್ ಆಂಟೋನಿಯೋ ಆಗ್ವಾಸ್ ಕಾಲಿಯೆಂಟೆಸ್ ಎಂಬ ಹಳ್ಳಿಯಲ್ಲಿ ನೆಲೆ ನಿಂತ. ಹೆಂಗಸರು ಕೈಮಗ್ಗದ ಬಣ್ಣದ ಬಟ್ಟೆಗೆ ಹೆಸರಾದ ಊರು ಅದು. ಸ್ಪ್ಯಾನಿಷ್ ಕಲಿಸಿದರೆ ಸಾಕು, ಹಳ್ಳಿ ಮಾತಿಗೆ ಪುಸ್ತಕ ಯಾಕೆ ಅನ್ನುವವರು ಮಿಷನ್ನಿನ ಒಳಗೂ ಇದ್ದರು. ಇವನು ಕೇಳಲಿಲ್ಲ.

ಕಾಕ್ಚಿಕೆಲ್ ಕಲಿಯೋದು ಸುಲಭದ ಮಾತಲ್ಲ. ನಮ್ಮ ಕನ್ನಡದಲ್ಲಿ ‘ಹೋದಳು’ ಅಂದ್ರೆ ಹೋದದ್ದು ಹೆಣ್ಣು, ಕೆಲಸ ಮುಗಿದಿದೆ ಅಂತ ಒಂದೇ ಪದದಲ್ಲಿ ತಿಳಿಯುತ್ತೆ. ಅವರ ಮಾತಿನಲ್ಲಿ ಯಾರು ಮಾಡಿದರು, ಯಾರಿಗೆ ಮಾಡಿದರು, ಕೆಲಸ ಮುಗಿಯಿತೋ ಇಲ್ಲವೋ, ಇಷ್ಟೂ ಒಂದೇ ಕ್ರಿಯಾಪದದ ಹಿಂದೆ ಮುಂದೆ ಅಂಟಿಕೊಂಡು ಬರುತ್ತೆ. ಲ್ಯಾಟಿನ್ ವ್ಯಾಕರಣದ ಅಚ್ಚಿಗೆ ಹಾಕಿದರೆ ಅದು ಕೂರಲಿಲ್ಲ. ಕೊನೆಗೆ ಆ ಭಾಷೆಯನ್ನು ಅದರ ಕಟ್ಟಿನಲ್ಲೇ ನೋಡಿದಾಗ ದಾರಿ ಸಿಕ್ಕಿತು. ಊರಿನವರನ್ನೇ ಜೊತೆಗೆ ಕೂರಿಸಿಕೊಂಡು ಹೊಸ ಒಡಂಬಡಿಕೆಯ ಅನುವಾದ ಮುಗಿಸಿದ್ದು 1929ರಲ್ಲಿ, ಅಚ್ಚಾಗಿ ಬಂದದ್ದು 1931ರಲ್ಲಿ.

ಕನ್ನಡಿಗರಿಗೆ ಇದು ಹೊಸದಲ್ಲ. 1853ರಲ್ಲಿ ಜರ್ಮನಿಯಿಂದ ಧರ್ಮಪ್ರಚಾರಕ್ಕೆ ಬಂದ ಕಿಟೆಲ್ 1894ರಲ್ಲಿ ನಮಗೆ ದೊಡ್ಡ ನಿಘಂಟು ಕೊಟ್ಟ. ಸ್ಪೇನಿನಿಂದ 1952ರಲ್ಲಿ ಪಾದ್ರಿಯಾಗಿ ಭಾರತಕ್ಕೆ ಬಂದ ವಿಸೆಂಟ್ ಫೆರರ್ ಆಮೇಲೆ ಆ ಸಂಘ ಬಿಟ್ಟು, 1969ರಿಂದ ಅನಂತಪುರ ಸೀಮೆಯಲ್ಲೇ ಉಳಿದು, 2009ರಲ್ಲಿ ಅಲ್ಲೇ ಮಣ್ಣಾದದ್ದು ನಮ್ಮ ಕಡೆಯವರಿಗೆ ಗೊತ್ತು. ನೆಂಟನಾಗಿ ಬಂದು ಹೋಗೋನು ಬೇರೆ, ನೆಲೆ ನಿಲ್ಲೋನು ಬೇರೆ.

ಇನ್ನೊಂದು ಮಗ್ಗುಲು

ಆದರೆ ಒಂದೇ ಮಗ್ಗುಲು ಹೇಳಿ ನಿಲ್ಲಿಸಿದರೆ ಅನ್ಯಾಯ. ಟೌನ್‌ಸೆಂಡ್ 1934ರಲ್ಲಿ ಅಮೆರಿಕದ ಅರ್ಕಾನ್ಸಾಸ್‌ನಲ್ಲಿ ಒಂದು ಬೇಸಿಗೆ ಶಿಬಿರ ಹೂಡಿ ಭಾಷೆ ಕಲಿಯುವ ವಿದ್ಯೆ ಹೇಳಿಕೊಟ್ಟ. ಅದೇ ಮುಂದೆ ಎಸ್.ಐ.ಎಲ್. ಎಂಬ ದೊಡ್ಡ ಸಂಸ್ಥೆಯಾಯ್ತು. ಮೆಕ್ಸಿಕೋ, ಪೆರು, ಈಕ್ವೆಡಾರ್, ಕೊಲಂಬಿಯಾ ಸರ್ಕಾರಗಳ ಜೊತೆ ಒಪ್ಪಂದವಾಗಿ ಬುಡಕಟ್ಟಿನ ಮಕ್ಕಳಿಗೆ ಮನೆಮಾತಿನ ಪಾಠ ಪುಸ್ತಕಗಳೂ ಬಂದವು.

ಆಗ ವಿರೋಧವೂ ಹುಟ್ಟಿತು. ಭಾಷೆ ಉಳಿಸ್ತೀವಿ ಅಂತ ಬಂದು ಅವರ ಹಳೆಯ ದೇವರು, ಹಬ್ಬ, ಆಚಾರ ಅಳಿಸ್ತೀರಿ ಅನ್ನೋದು ಆರೋಪ. 1971ರಲ್ಲಿ ಬಾರ್ಬಡೋಸ್‌ನಲ್ಲಿ ಸೇರಿದ ಮಾನವಶಾಸ್ತ್ರಜ್ಞರು ಮಿಷನರಿ ಕೆಲಸವನ್ನೇ ನಿಲ್ಲಿಸಿ ಎಂದರು. 1979ರಲ್ಲಿ ಮೆಕ್ಸಿಕೋ ಒಪ್ಪಂದ ಮುರಿಯಿತು. 1981ರಲ್ಲಿ ಈಕ್ವೆಡಾರ್ ಹೊರಡಿ ಎಂದಿತು. ಅದೇ ವರ್ಷ ಕೊಲಂಬಿಯಾದಲ್ಲಿ ಸಂಸ್ಥೆ ದೇಶ ಬಿಡಬೇಕೆಂದು ಬಂಡುಕೋರರು ಚೆಸ್ಟರ್ ಬಿಟರ್‌ಮನ್ ಎಂಬ ಯುವ ಮಿಷನರಿಯನ್ನು ಅಪಹರಿಸಿ, ಕೊಂದರು. ಕೊಲೆಗೆ ಯಾವ ಸಮರ್ಥನೆಯೂ ಇಲ್ಲ. ಹಾಗಂತ ಕೇಳಿದ ಪ್ರಶ್ನೆಗಳೆಲ್ಲ ಸುಳ್ಳಾಗೋದೂ ಇಲ್ಲ. ಟೌನ್‌ಸೆಂಡ್ 1982ರಲ್ಲಿ ತೀರಿಕೊಂಡ.

ಬಳಪ ಯಾರ ಕೈಯಲ್ಲಿ?

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣೋದು 1987ರ ಸಂಗತಿ. ಗ್ವಾಟೆಮಾಲಾದಲ್ಲಿ ಆಗ ಅಂತರ್ಯುದ್ಧ. 1960ರಿಂದ 1996ರವರೆಗೆ ನಡೆದ ಆ ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು, ಇಲ್ಲವೇ ಕಾಣೆಯಾದರು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ ಎಂದು 1999ರಲ್ಲಿ ತನಿಖಾ ಆಯೋಗ ಹೇಳಿತು. ಹೆಣ ಬೀಳ್ತಿದ್ದ ಆ ಕಾಲದಲ್ಲೇ ಮಾಯಾ ವಿದ್ವಾಂಸರು ಕೂತು, ತಮ್ಮ ಭಾಷೆಗಳಿಗೆಲ್ಲ ಹೊಂದುವ ಒಂದೇ ಅಕ್ಷರಮಾಲೆ ಗೊತ್ತು ಮಾಡಿದರು. ಮಿಷನರಿಗಳು ಸ್ಪ್ಯಾನಿಷ್ ಕಾಗುಣಿತದಂತೆ ‘ಕ’ ಧ್ವನಿಗೆ ಮುಂದಿನ ಸ್ವರ ನೋಡಿ ಎರಡು ಬಗೆಯ ಬರಹ ಇಟ್ಟಿದ್ದರು. ಇವರು ಅದನ್ನು ತೆಗೆದು ಒಂದೇ ಅಕ್ಷರ ಇಟ್ಟರು. ‘ಕಾಕ್ಚಿಕೆಲ್’ ಅನ್ನೋ ಹೆಸರನ್ನು ಬರೆಯುವ ರೀತಿಯೇ ಬದಲಾಯ್ತು. ಎಸ್.ಐ.ಎಲ್. ಇದನ್ನು ಒಪ್ಪಲಿಲ್ಲ. ಹಳೆಯ ಕಾಗುಣಿತ ಕಲಿತವರಿಗೆ ಸ್ಪ್ಯಾನಿಷ್ ಓದೋದು ಸುಲಭ ಅನ್ನೋದು ಅದರ ವಾದ. ಆದರೂ ಸರ್ಕಾರ ಹೊಸದನ್ನೇ ಅಂಗೀಕರಿಸಿತು. 1990ರಲ್ಲಿ ಮಾಯಾ ಭಾಷೆಗಳ ಅಕಾಡೆಮಿಗೆ ಕಾನೂನಿನ ಬಲ ಬಂತು. 2003ರಲ್ಲಿ ಆ ಭಾಷೆಗಳಿಗೆ ರಾಷ್ಟ್ರೀಯ ಭಾಷೆಯ ಮನ್ನಣೆ ಸಿಕ್ಕಿತು.

ಪರದೇಶಕ್ಕೆ ಹೋಗಿ, ಜನರ ಮಾತು ಕಲಿತು, ಹದಿನೈದು ವರ್ಷ ಅವರ ನಡುವೆ ಬಾಳೋದು ಸಣ್ಣ ತಪಸ್ಸಲ್ಲ. ಆ ಪುಸ್ತಕ ಬಂದದ್ದರಿಂದಲೇ ಅನೇಕರಿಗೆ ತಮ್ಮ ಮಾತನ್ನೂ ಬರೆಯಬಹುದು ಅಂತ ತಿಳೀತು. ಆದರೆ ಕಲಿಸಿದವನಿಗೆ ಇನ್ನೊಂದು ಪರೀಕ್ಷೆ ಉಳಿದಿರುತ್ತೆ. ಶಿಷ್ಯ ಒಂದು ದಿನ ಬಳಪ ಕೇಳ್ತಾನೆ, ನಿನ್ನ ಕಾಗುಣಿತ ಬೇಡ, ನನ್ನದು ನಾನೇ ಬರೀತೀನಿ ಅಂತಾನೆ. ಆಗ ಬಳಪ ಕೊಟ್ಟು ಪಕ್ಕಕ್ಕೆ ಸರಿಯೋದು ಹೊಸ ಭಾಷೆ ಕಲಿಯೋದಕ್ಕಿಂತ ಕಷ್ಟ. ಗ್ವಾಟೆಮಾಲಾದಲ್ಲಿ ಯಾರೂ ಕೊಡೋವರೆಗೆ ಕಾಯಲಿಲ್ಲ, ಮನೆಯವರೇ ತಗೊಂಡರು.